ಅಳಿವಿನ ಪಾಠ, ಎಳೆಯರ ಮನಸ್ಸು

"ಅಳಿವಿನಂಚಿನಲ್ಲಿರುವ ಯಾವುದಾದರೂ ನಾಲ್ಕು ಪ್ರಾಣಿಗಳನ್ನು ಹೆಸರಿಸಿ." ಶಾಲೆಯ ಮೆಟ್ಟಿಲು ಹತ್ತಿದ ಮಗು ಒಂದಲ್ಲ ಒಂದು ಪರೀಕ್ಷೆಯಲ್ಲಿ ಈ ಪ್ರಶ್ನೆಯನ್ನು ಎದುರಿಸಿಯೇ ಇರುತ್ತದೆ. ಹುಲಿ, ಸಿಂಹ, ಘೇಂಡಾಮೃಗ, ಹಿಮಚಿರತೆ ಎಂದು ಬರೆದರೆ ಎರಡು ಅಂಕ ದೊರೆಯುತ್ತದೆ, ಪಾಠ ಅಲ್ಲಿಗೆ ಮುಗಿಯುತ್ತದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಸುತ್ತಲಿನ ಹಳ್ಳಿಗಳ ಮಗುವೂ ಇದನ್ನೇ ಬರೆಯುತ್ತದೆ. ತನ್ನೂರಿನ ಹಿಂದಿನ ಕುರುಚಲು ಕಾಡಿನಲ್ಲಿ ಹೊಂಬಣ್ಣದ ಸಣ್ಣ ಹುಲ್ಲೆಯೊಂದು ತನ್ನ ಕಪ್ಪು ಬಾಲವನ್ನು ಎಡೆಬಿಡದೆ ಆಡಿಸುತ್ತ ಮೇಯುತ್ತದೆಂಬುದಾಗಲಿ, ಅದರ ಹೆಸರಿನಲ್ಲೇ ಸರ್ಕಾರವು ಅಲ್ಲಿ ವನ್ಯಜೀವಿಧಾಮವನ್ನು ಘೋಷಿಸಿದೆಯೆಂಬುದಾಗಲಿ ಆ ಉತ್ತರದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಅದೇ ಮಗು ರಾತ್ರಿ ಮನೆಯವರ ಮೊಬೈಲಿನಲ್ಲಿ ಹಸಿವಿನಿಂದ ಸೊರಗಿದ ಹಿಮಕರಡಿಯನ್ನು ಕಾಣುತ್ತದೆ. ಬೆಂಕಿಗೆ ಸಿಕ್ಕಿದ ಕಾಡನ್ನೂ ಸತ್ತು ತೇಲುವ ಮೀನುಗಳ ರಾಶಿಯನ್ನೂ ಕಾಣುತ್ತದೆ. ಮಲಗುವ ಮುನ್ನ ತಾಯಿಯನ್ನು ಕೇಳುತ್ತದೆ: "ಅಮ್ಮಾ, ಎಲ್ಲ ಪ್ರಾಣಿಗಳೂ ಹೋದಮೇಲೆ ನಾವೂ ಹೋಗುತ್ತೇವಾ?" ತಾಯಿಗೆ ಉತ್ತರ ಹೊಳೆಯುವುದಿಲ್ಲ. "ಸುಮ್ಮನೆ ಮಲಗು" ಎನ್ನುತ್ತಾಳೆ.

ಪ್ರಾಣಿಗಳ ಅಳಿವಿನ ವಿಚಾರ ಆರೋಗ್ಯ ವಿಭಾಗದಲ್ಲೇಕೆ ಎಂದು ವಾಚಕರು ಕೇಳಬಹುದು. ಮೇಲಿನ ಎರಡು ಸಂದರ್ಭಗಳೇ ಅದಕ್ಕೆ ಸಮಾಧಾನ. ಒಂದರಲ್ಲಿ ಮಗುವಿಗೆ ತನ್ನ ನೆರೆಯ ಜೀವಿಯ ಪರಿಚಯವಿಲ್ಲ. ಮತ್ತೊಂದರಲ್ಲಿ ದೂರದ ಜೀವಿಗಳ ಸಾವಿನ ಸುದ್ದಿ ಅದರ ನಿದ್ದೆಯನ್ನು ಕದ್ದಿದೆ. ಮೊದಲನೆಯದನ್ನು ಮರೆವೆಂದೂ ಎರಡನೆಯದನ್ನು ಭಯವೆಂದೂ ಕರೆಯೋಣ. ಈ ಎರಡು ಬೇನೆಗಳು ಪರಸ್ಪರ ವಿರುದ್ಧವಾಗಿ ತೋರಿದರೂ ಇವುಗಳ ಮೂಲ ಒಂದೇ: ಜೀವಲೋಕದೊಂದಿಗಿನ ಒಡನಾಟ ಕಡಿದುಹೋಗಿರುವುದು. ಮಕ್ಕಳಿಗೆ ಅಳಿವಿನ ಪಾಠವನ್ನು ಹೇಗೆ ಹೇಳಬೇಕೆಂಬುದು ಆದ್ದರಿಂದ ಅವರ ಮನಸ್ಸಿನ ಆರೋಗ್ಯದ ಪ್ರಶ್ನೆಯೂ ಹೌದು.

ನಮ್ಮ ನೆರೆಯ ಸಂಪತ್ತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳೆಂದರೆ ಬರಗಾಲದ ಸೀಮೆ ಎಂಬ ಮಾತು ರೂಢಿಯಲ್ಲಿದೆ. ಮಳೆ ಕಡಿಮೆ, ಕೊಳವೆ ಬಾವಿಗಳ ಆಳ ಹೆಚ್ಚು, ಶೇಂಗಾ ಮತ್ತು ರಾಗಿಯೇ ಆಧಾರ. ಇಂಥ ನೆಲದಲ್ಲಿ ಕಾಡೆಲ್ಲಿ, ಮೃಗವೆಲ್ಲಿ ಎಂದು ಭಾವಿಸುವವರೇ ಬಹಳ. ಆದರೆ ಒಣನೆಲಕ್ಕೂ ತನ್ನದೇ ಆದ ಜೀವಸಂಪತ್ತಿದೆ.

ಬುಕ್ಕಾಪಟ್ಟಣದ ಅರಣ್ಯವನ್ನೇ ನೋಡಿ. ಗುಡ್ಡದ ಮೇಲೆ ಎಲೆಯುದುರುವ ಕಾಡು, ತಪ್ಪಲಿನಲ್ಲಿ ಮರಗಳು ಚದುರಿದ ಹುಲ್ಲುಬಯಲು, ಅಂಚಿನಲ್ಲಿ ಜಾಲಿ ಕಾರೆಗಳ ಕುರುಚಲು. ಇಲ್ಲಿ ಚಿಂಕಾರ ಇರುವುದನ್ನು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ತಂಡದವರು ಕ್ಯಾಮೆರಾಗಳನ್ನು ಕಟ್ಟಿ ದಾಖಲಿಸಿದರು. 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಪ್ರದೇಶವು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮವಾಯಿತು. ಚಿಂಕಾರ ಇಪ್ಪತ್ತು ಇಪ್ಪತ್ತಮೂರು ಕಿಲೋ ತೂಗುವ ಪುಟ್ಟ ಹುಲ್ಲೆ. ಎಲೆ ಚಿಗುರುಗಳ ತೇವ ಮತ್ತು ಇಬ್ಬನಿಯಿಂದಲೇ ದಾಹ ತೀರಿಸಿಕೊಂಡು ನೀರಿಲ್ಲದೆ ಬಹುಕಾಲ ಬಾಳಬಲ್ಲುದು. ಬರದ ಸೀಮೆಗೆ ಇದಕ್ಕಿಂತ ಒಪ್ಪುವ ಜೀವಿ ಬೇರೊಂದು ಇರಲಾರದು. ಇದೇ ಕಾಡಿನಲ್ಲಿ ಕೃಷ್ಣಮೃಗವೂ ಇದೆ, ನಾಲ್ಕು ಕೊಂಬಿನ ಕೊಂಡುಕುರಿಯೂ ಇದೆ. ಭಾರತ ಮತ್ತು ನೇಪಾಳಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಕೊಂಡುಕುರಿಯಿಲ್ಲ. ಈ ಮೂರೂ ಒಂದೇ ಕಾಡಿನಲ್ಲಿ ನೆಲೆಸಿರುವುದು ಅಪರೂಪದಲ್ಲಿ ಅಪರೂಪ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. 798 ಎಕರೆಯ ಆ ನೆಲವನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕೊರಟಗೆರೆಯ ಕಡೆ ಕರಡಿ ಚಿರತೆಗಳಿಗೆ ಆಶ್ರಯವಾದ ತಿಮ್ಲಾಪುರ ವನ್ಯಜೀವಿಧಾಮವಿದೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟಿ ಮರಿ ಮಾಡುತ್ತವೆ. ಇವೆಲ್ಲವೂ ನಮ್ಮ ಮಕ್ಕಳ ಶಾಲೆಗಳಿಂದ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಆದರೂ ಪರೀಕ್ಷೆಯ ಉತ್ತರದಲ್ಲಿ ಹಿಮಚಿರತೆಯೇ ಇರುತ್ತದೆ.

ಮರೆವೆಂಬ ಬೇನೆ

ಜೀವಿಯೊಂದು ಅಳಿಯುವುದಕ್ಕೆ ಮುಂಚೆ ಅನೇಕ ವೇಳೆ ಅದರ ಹೆಸರು ಅಳಿಯುತ್ತದೆ. ಜೆರ್ಡನ್ ಎಂಬ ಆಂಗ್ಲ ವೈದ್ಯನು 1867ರಲ್ಲಿ ಪ್ರಕಟಿಸಿದ ಭಾರತದ ಸಸ್ತನಿಗಳ ಗ್ರಂಥದಲ್ಲಿ ಚಿಂಕಾರಕ್ಕೆ ಕನ್ನಡದ ಹೆಸರುಗಳೆಂದು ತಿಸ್ಕ, ಬುದರಿ, ಮುದರಿ ಎಂಬವನ್ನು ಕೊಟ್ಟಿದ್ದಾನೆ. ಒಂದು ಪ್ರಾಣಿಗೆ ಮೂರು ಹೆಸರುಗಳಿದ್ದುವೆಂದರೆ ಜನ ಅದನ್ನು ದಿನವೂ ಕಾಣುತ್ತಿದ್ದರೆಂದೇ ಅರ್ಥ. ಇಂದು ಈ ಹೆಸರುಗಳನ್ನು ಆಡುವವರು ವಿರಳ, ಎಲ್ಲರೂ ಚಿಂಕಾರವೆಂದೇ ಬರೆಯುತ್ತೇವೆ. ಆತನೇ ಚೀತಾ ಎಂಬ ಪ್ರಾಣಿಗೆ ಕನ್ನಡದಲ್ಲಿ ಸಿವಂಗಿ ಎಂಬ ಹೆಸರಿದೆಯೆಂದು ದಾಖಲಿಸಿದ್ದಾನೆ. ಭಾರತದ ಕೊನೆಯ ಸಿವಂಗಿಗಳು 1947ರ ಸುಮಾರಿಗೆ ಬೇಟೆಗೆ ಬಲಿಯಾದುವು. 1952ರಲ್ಲಿ ಅದು ದೇಶದಿಂದ ಅಳಿದುಹೋಯಿತೆಂದು ಘೋಷಿಸಲಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಬಂದಾಗ ನಮ್ಮ ಪತ್ರಿಕೆಗಳು ಅವನ್ನು ಚೀತಾ ಎಂದೇ ಕರೆದುವು. ಪ್ರಾಣಿ ಹೊರದೇಶದಿಂದ ಬಂತು, ಕನ್ನಡದ ಹೆಸರು ಮಾತ್ರ ಅದರೊಡನೆ ಮರಳಲಿಲ್ಲ.

ಈ ಮರೆವಿಗೆ ವಿದ್ವಾಂಸರು ಹೆಸರಿಟ್ಟಿದ್ದಾರೆ. ಮೀನುಗಾರಿಕೆಯನ್ನು ಅಧ್ಯಯನ ಮಾಡಿದ ಡೇನಿಯಲ್ ಪೌಲಿ ಅವರು 1995ರಲ್ಲಿ ಒಂದು ಸಂಗತಿಯನ್ನು ಎತ್ತಿ ತೋರಿಸಿದರು. ಪ್ರತಿಯೊಂದು ತಲೆಮಾರೂ ತಾನು ಕಣ್ಣು ಬಿಟ್ಟಾಗ ಕಂಡದ್ದನ್ನೇ ಸಹಜ ಸ್ಥಿತಿಯೆಂದು ಭಾವಿಸುತ್ತದೆ. ಅಜ್ಜ ಕೆರೆಯ ತುಂಬ ಹಕ್ಕಿಗಳನ್ನು ಕಂಡಿದ್ದ, ಮಗ ಅರ್ಧ ಕೆರೆಯಷ್ಟು ಕಂಡ, ಮೊಮ್ಮಗ ಬತ್ತಿದ ಕೆರೆಯಲ್ಲಿ ಒಂದೆರಡು ಬೆಳ್ಳಕ್ಕಿಗಳನ್ನು ಕಂಡು ಕೆರೆಯೆಂದರೆ ಇಷ್ಟೇ ಎಂದುಕೊಂಡ. ಹೀಗೆ ನಷ್ಟವು ನಷ್ಟವೆಂದು ತೋರದೆ ಸಾಗುತ್ತದೆ. ಅಮೆರಿಕದ ಪ್ರಕೃತಿ ಲೇಖಕ ರಾಬರ್ಟ್ ಪೈಲ್ ಇದನ್ನು ಅನುಭವದ ಅಳಿವು ಎಂದು ಕರೆದರು. ನೆರೆಯ ಜೀವಿ ಕಣ್ಮರೆಯಾದರೆ ಅದರೊಡನೆ ನಮ್ಮ ಅನುಭವವೂ ಹೋಗುತ್ತದೆ. ಅನುಭವವಿಲ್ಲದವನಿಗೆ ಕಾಳಜಿ ಹುಟ್ಟದು, ಕಾಳಜಿಯಿಲ್ಲದ ಕಡೆ ಉಳಿದ ಜೀವಿಗಳೂ ಉಳಿಯಲಾರವು.

ಮರೆತವನಿಗೆ ನೋವಿಲ್ಲವಲ್ಲ, ಅದು ಬೇನೆ ಹೇಗಾದೀತು ಎನ್ನಬಹುದು. ಅಂಗವೊಂದು ಮರಗಟ್ಟಿದಾಗ ನೋವು ತಿಳಿಯುವುದಿಲ್ಲ, ಆದರೆ ವೈದ್ಯರು ಹೆಚ್ಚು ಚಿಂತಿಸುವುದು ಆ ಸ್ಥಿತಿಗೇ.

ಭಯವೆಂಬ ಬೇನೆ

ಇನ್ನೊಂದು ಬದಿಯಲ್ಲಿ ತಿಳಿವಳಿಕೆಯ ಭಾರದಿಂದ ಕುಸಿಯುವ ಮನಸ್ಸುಗಳಿವೆ. ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯ 2019ರ ವರದಿಯು ಸುಮಾರು ಹತ್ತು ಲಕ್ಷ ಜೀವಜಾತಿಗಳು ಅಳಿವಿನ ಅಪಾಯದಲ್ಲಿವೆಯೆಂದು ತಿಳಿಸಿತು. ಇಂಥ ಸಂಖ್ಯೆಯನ್ನು ಕೇಳಿದ ಮಗು ಅದರಿಂದ ಏನು ಮಾಡಬೇಕು? ಹತ್ತು ಲಕ್ಷವೆಂಬುದು ಹಿರಿಯರ ಊಹೆಗೂ ನಿಲುಕದ್ದು.

2021ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹತ್ತು ದೇಶಗಳ ಹತ್ತು ಸಾವಿರ ತರುಣರ ಸಮೀಕ್ಷೆ ಪ್ರಕಟವಾಯಿತು. ಅವರು 16ರಿಂದ 25ರ ವಯಸ್ಸಿನವರು, ಭಾರತದವರೂ ಅವರಲ್ಲಿದ್ದರು. ಹವಾಮಾನ ಬದಲಾವಣೆಯ ವಿಚಾರವಾಗಿ ತಾವು ತೀವ್ರ ಅಥವಾ ಅತಿ ತೀವ್ರ ಚಿಂತೆಯಲ್ಲಿದ್ದೇವೆಂದು ನೂರಕ್ಕೆ 59 ಮಂದಿ ಹೇಳಿದರು. ಆ ಚಿಂತೆಯು ತಮ್ಮ ಊಟ, ನಿದ್ದೆ, ಓದು, ಕೆಲಸಗಳನ್ನು ಬಾಧಿಸುತ್ತಿದೆಯೆಂದು ನೂರಕ್ಕೆ 45ಕ್ಕೂ ಹೆಚ್ಚು ಮಂದಿ ತಿಳಿಸಿದರು. ಸಮೀಕ್ಷೆ ಹವಾಮಾನದ ಕುರಿತಾದುದಾದರೂ ಜೀವಿಗಳ ಅಳಿವು ಆ ಚಿಂತೆಯಿಂದ ಬೇರೆಯಲ್ಲ.

ಭಯದ ಜೊತೆಗೆ ಶೋಕವೂ ಇದೆ. ಪರಿಚಿತ ನೆಲ, ಮರ, ಪ್ರಾಣಿಗಳು ಇಲ್ಲವಾದಾಗ ಮನುಷ್ಯನಿಗೆ ಬಂಧುವನ್ನು ಕಳೆದುಕೊಂಡಂಥ ದುಃಖವಾಗುತ್ತದೆಂಬುದನ್ನು ಮನಶ್ಶಾಸ್ತ್ರವು ಈಚೆಗೆ ಪರಿಸರ ಶೋಕವೆಂದು ಗುರುತಿಸಿದೆ. ಆಸ್ಟ್ರೇಲಿಯಾದಲ್ಲಿ ಕಲ್ಲಿದ್ದಲು ಗಣಿಗಳಿಂದ ತಮ್ಮ ಕಣಿವೆಯೇ ಗುರುತು ಸಿಗದಂತಾದ ಜನರನ್ನು ಕಂಡ ಗ್ಲೆನ್ ಆಲ್‌ಬ್ರೆಕ್ಟ್ ಎಂಬ ಚಿಂತಕರು, ಮನೆಯಲ್ಲಿ ಇದ್ದುಕೊಂಡೇ ಮನೆಯನ್ನು ಕಳೆದುಕೊಂಡವರ ಈ ಕೊರಗಿಗೆ ಒಂದು ಹೊಸ ಪದವನ್ನೇ ಟಂಕಿಸಿದರು. ನಮ್ಮ ಹಿರಿಯರಿಗೆ ಆ ಪದ ಬೇಕಿಲ್ಲ. ಜಗಲಿಯ ಮೇಲೆ ಕುಳಿತು "ಊರು ಊರಾಗಿ ಉಳಿದಿಲ್ಲ" ಎಂದು ನಿಟ್ಟುಸಿರು ಬಿಡುವ ವೃದ್ಧರು ಇದನ್ನೇ ಹೇಳುತ್ತಿದ್ದಾರೆ. ಮನುಷ್ಯ ಸತ್ತರೆ ಅಳುವುದಕ್ಕೆ ನಮ್ಮಲ್ಲಿ ವಿಧಿಯಿದೆ, ನೆರೆಹೊರೆ ಬಂದು ಕೂಡುತ್ತದೆ. ಗುಂಡುತೋಪು ಕಡಿದುಹೋದರೆ, ಕೆರೆಯ ಹಕ್ಕಿ ಬಾರದಾದರೆ ಅಳುವವನನ್ನು ಜನ ವಿಚಿತ್ರವಾಗಿ ನೋಡುತ್ತಾರೆ. ಹಂಚಿಕೊಳ್ಳಲು ಎಡೆಯಿಲ್ಲದ ದುಃಖ ಒಳಗೇ ಹುದುಗಿ ಸಿಡುಕಾಗಿಯೋ ಜಡತೆಯಾಗಿಯೋ ಹೊರಬೀಳುತ್ತದೆ.

ಇಂಥ ದುಃಖವು ರೋಗವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಪ್ರೀತಿಸಿದ್ದನ್ನು ಕಳೆದುಕೊಂಡಾಗ ನೋಯುವುದು ಆರೋಗ್ಯವಂತ ಮನಸ್ಸಿನ ಲಕ್ಷಣ. ದಯೆಯನ್ನು ಧರ್ಮದ ಬುಡದಲ್ಲಿಟ್ಟ ಶರಣ ಪರಂಪರೆಯಲ್ಲಿ ಬೆಳೆದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ರಣಹದ್ದು ಹೇಳುವ ಕಥೆ

ಅಳಿವಿನ ಪರಿಣಾಮ ಮನಸ್ಸಿಗಷ್ಟೇ ಅಲ್ಲ, ದೇಹಕ್ಕೂ ತಟ್ಟುತ್ತದೆ. ಹಿರಿಯ ವಿದ್ಯಾರ್ಥಿಗಳಿಗೆ ಇದನ್ನು ತಿಳಿಸಲು ರಣಹದ್ದಿನ ಕಥೆಗಿಂತ ಒಳ್ಳೆಯ ಪಾಠವಿಲ್ಲ. ಸತ್ತ ದನದ ಮೇಲೆ ಹಿಂಡಾಗಿ ಎರಗುತ್ತಿದ್ದ ಈ ಹಕ್ಕಿಗಳನ್ನು ನಮ್ಮ ಹಿರಿಯರು ಕಂಡವರೇ. 1990ರ ದಶಕದಿಂದ ಅವು ಇದ್ದಕ್ಕಿದ್ದಂತೆ ಕಾಣೆಯಾದುವು. ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ 1992ರಿಂದ 2007ರೊಳಗೆ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಕುಸಿಯಿತು. ಕಾರಣ ತಿಳಿದದ್ದು 2004ರಲ್ಲಿ: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ. ಆ ಔಷಧ ಪಡೆದು ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡಗಳು ಕೆಟ್ಟು ಅವು ಸಾಯುತ್ತಿದ್ದುವು. ಭಾರತ ಸರ್ಕಾರವು 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಹದ್ದುಗಳಿಗೆ ಹಾನಿಯಿಲ್ಲದ ಮೆಲಾಕ್ಸಿಕ್ಯಾಮ್ ಅದರ ಸ್ಥಾನಕ್ಕೆ ಬಂತು.

ಹದ್ದುಗಳಿಲ್ಲದ ಮೇಲೆ ಸತ್ತ ಜಾನುವಾರುಗಳು ಬಯಲಿನಲ್ಲಿ ಕೊಳೆತುವು, ನೀರು ಕಲುಷಿತವಾಯಿತು, ಬೀದಿನಾಯಿಗಳು ಹೆಚ್ಚಿದುವು, ಹುಚ್ಚುನಾಯಿ ಕಡಿತದ ಅಪಾಯ ಬೆಳೆಯಿತು. ಇದರ ಫಲವಾಗಿ 2000ದಿಂದ 2005ರವರೆಗೆ ಭಾರತದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳು ಸಂಭವಿಸಿರಬಹುದೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜು ಮಾಡಿದೆ. ಅಪಶಕುನವೆಂದು ನಾವು ಹಳಿಯುತ್ತಿದ್ದ ಹಕ್ಕಿ ಸಂಬಳವಿಲ್ಲದೆ ನಮ್ಮ ಆರೋಗ್ಯ ಕಾಯುತ್ತಿತ್ತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಜೀವಿಧಾಮವೆಂದು ಘೋಷಿಸಿದ್ದು ಉಳಿದಿರುವ ಕೆಲವನ್ನಾದರೂ ಕಾಯುವ ಪ್ರಯತ್ನ.

ಈ ಕಥೆಯಲ್ಲಿ ನಷ್ಟವೂ ಇದೆ, ಕಾರಣವೂ ಇದೆ, ತಿದ್ದಿಕೊಂಡ ಹೆಜ್ಜೆಯೂ ಇದೆ. ಮಕ್ಕಳಿಗೆ ಹೇಳುವ ಯಾವುದೇ ಅಳಿವಿನ ಕಥೆಯಲ್ಲಿ ಈ ಮೂರೂ ಇರಬೇಕು. ನಷ್ಟವನ್ನಷ್ಟೇ ಹೇಳಿ ನಿಲ್ಲಿಸಿದರೆ ಉಳಿಯುವುದು ಭಯವೊಂದೇ.

ವಯಸ್ಸಿಗೆ ತಕ್ಕ ಪಾಠ

ಮದ್ದನ್ನು ವಯಸ್ಸು ನೋಡಿ ಅಳೆದು ಕೊಡುವಂತೆ ಈ ಪಾಠವನ್ನೂ ಅಳೆದೇ ಕೊಡಬೇಕು. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್ ಅವರು ನಾಲ್ಕನೆಯ ತರಗತಿಗೆ ಮುಂಚೆ ಮಕ್ಕಳ ಮುಂದೆ ಪ್ರಕೃತಿಯ ದುರಂತಗಳನ್ನು ಇಡಬಾರದೆಂದು ವಾದಿಸಿದ್ದಾರೆ. ಪ್ರೀತಿ ಬೇರೂರುವ ಮೊದಲೇ ಭಯ ಬಿತ್ತಿದರೆ ಮಗು ಪ್ರಕೃತಿಯಿಂದಲೇ ದೂರ ಸರಿಯುತ್ತದೆಂಬುದು ಅವರ ಅಭಿಪ್ರಾಯ.

ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಅಳಿವಿನ ಮಾತೇ ಬೇಡ, ಪರಿಚಯ ಸಾಕು. ಶಾಲೆಯ ಅಂಗಳದ ಒಂದು ಮರವನ್ನು ವರ್ಷವಿಡೀ ನೋಡಲಿ. ಅದಕ್ಕೆ ಬರುವ ಹಕ್ಕಿ, ಇರುವೆ, ಅಳಿಲುಗಳನ್ನು ಗುರುತಿಸಲಿ, ಚಿತ್ರ ಬರೆಯಲಿ. ಅವುಗಳ ಹೆಸರನ್ನು ಮನೆಯ ಮಾತಿನಲ್ಲಿ ಹೇಳಲಿ.

ಹತ್ತರಿಂದ ಹದಿಮೂರರ ಮಕ್ಕಳಿಗೆ ಕಾರಣ ಪರಿಣಾಮಗಳನ್ನು ತಿಳಿಸಬಹುದು. ಅವರಿಗಾಗಿ ಒಂದು ಅಭ್ಯಾಸವನ್ನು ಶಿಕ್ಷಕರಿಗೆ ಸೂಚಿಸುತ್ತೇವೆ. ಪುಟವೊಂದರಲ್ಲಿ ಮೂರು ಅಂಕಣ ಎಳೆಯಲಿ: ಅಜ್ಜ ಅಜ್ಜಿ ಕಂಡದ್ದು, ಅಪ್ಪ ಅಮ್ಮ ಕಂಡದ್ದು, ನಾನು ಕಂಡದ್ದು. ಮನೆಯಲ್ಲಿ ಕೇಳಿ ಊರಿನ ಪ್ರಾಣಿ ಪಕ್ಷಿಗಳ ಹೆಸರುಗಳನ್ನು ತುಂಬಲಿ. ಮೊದಲ ಅಂಕಣದಲ್ಲಿರುವ ತೋಳ, ರಣಹದ್ದು, ಕೆರೆಯ ಮೀನು ಮೂರನೆಯದರಲ್ಲಿ ಇಲ್ಲದಿರಬಹುದು. ಆ ಖಾಲಿ ಜಾಗವೇ ಅಳಿವಿನ ಪಾಠ. ಯಾವ ಭಾಷಣವೂ ಅದರಷ್ಟು ಸ್ಪಷ್ಟವಾಗಿ ಹೇಳಲಾರದು. ಹಾಗೆಂದು ಖಾಲಿ ಜಾಗದ ಮುಂದೆ ಮಗುವನ್ನು ಒಂಟಿಯಾಗಿ ಬಿಡಬಾರದು. ನಾಲ್ಕನೆಯ ಅಂಕಣವೊಂದಿರಲಿ: ಇನ್ನೂ ಇರುವುದು, ನಾವು ಕಾಯಬಹುದಾದದ್ದು. ಈ ಅಭ್ಯಾಸದಲ್ಲಿ ಇನ್ನೊಂದು ಲಾಭವೂ ಇದೆ. ಯಾರೂ ಕೇಳದೆ ಉಳಿದ ಅಜ್ಜಿಯ ನೆನಪುಗಳಿಗೆ ಕಿವಿಗೊಡುವವರು ಸಿಕ್ಕಂತಾಗುತ್ತದೆ, ಆಕೆಯ ಕೊರಗೂ ತುಸು ಹಗುರಾಗುತ್ತದೆ.

ಹದಿನಾಲ್ಕು ದಾಟಿದವರಿಗೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಮುಚ್ಚಿಟ್ಟರೆ ಅವರು ಬೇರೆ ಕಡೆಯಿಂದ, ಹೆಚ್ಚು ಭೀಕರವಾಗಿ ತಿಳಿದುಕೊಳ್ಳುತ್ತಾರೆ. ಬಳ್ಳಾರಿ ಸೀಮೆಯವರು ಎರ್ಲಡ್ಡು ಎಂದು ಕರೆಯುವ ದೊರೆವಾಯನ ಹಕ್ಕಿ ಇಡೀ ದೇಶದಲ್ಲಿ 150ರಷ್ಟೂ ಉಳಿದಿಲ್ಲವೆಂಬ ಅಂದಾಜನ್ನು ಅವರಿಗೆ ಹೇಳಿ. ಅದಾದ ಮೇಲೆ ಒಡನೆಯೇ ಮುಂದಿನ ಪುಟಕ್ಕೆ ಹೋಗಬೇಡಿ. "ಇದನ್ನು ಕೇಳಿ ನಿಮಗೆ ಹೇಗನ್ನಿಸಿತು?" ಎಂದು ಕೇಳಿ. ಯಾರಾದರೂ ಅತ್ತರೆ ಅಳಲಿ, ಸಿಟ್ಟುಗೊಂಡರೆ ಸಿಟ್ಟಿನ ಮಾತು ಹೊರಬರಲಿ, ಏನೂ ಅನ್ನಿಸದಿದ್ದರೆ ಅದನ್ನೂ ಒಪ್ಪಿಕೊಳ್ಳಿ. ಶಿಕ್ಷಕರು ತಮಗೂ ದುಃಖವಾಗುತ್ತದೆಂದು ಹೇಳಿಕೊಂಡರೆ ಅವರ ಗೌರವಕ್ಕೇನೂ ಕುಂದಿಲ್ಲ. ಬೆಳಗಿನ ಪ್ರಾರ್ಥನೆಯ ಜೊತೆ ಅಳಿದ ಜೀವಿಗಳಿಗಾಗಿ ಎರಡು ನಿಮಿಷದ ಮೌನವಿರಲಿ. ದುಃಖಕ್ಕೆ ವಿಧಿಯೊಂದು ದೊರೆತಾಗ ಅದು ವಿಷವಾಗುವುದಿಲ್ಲ.

ಹೊಲ ಹಟ್ಟಿಗಳ ಮಕ್ಕಳು

ನಮ್ಮ ಸೀಮೆಯ ಶಿಕ್ಷಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಒಬ್ಬನ ತಂದೆಯ ಶೇಂಗಾ ಹೊಲವನ್ನು ಹಿಂದಿನ ರಾತ್ರಿಯೇ ಕೃಷ್ಣಮೃಗಗಳು ಮೇಯ್ದಿರಬಹುದು. ಮತ್ತೊಬ್ಬಳ ಮನೆಯ ಕುರಿಹಟ್ಟಿಗೆ ತೋಳವೋ ಚಿರತೆಯೋ ನುಗ್ಗಿರಬಹುದು. "ಮನುಷ್ಯನ ದುರಾಸೆಯಿಂದ ಪ್ರಾಣಿಗಳು ಅಳಿಯುತ್ತಿವೆ" ಎಂಬ ಒಂದೇ ವಾಕ್ಯದಲ್ಲಿ ಪಾಠ ಮುಗಿಸಿದರೆ ಆ ಮಕ್ಕಳು ತಮ್ಮ ತಂದೆತಾಯಿಗಳೇ ಅಪರಾಧಿಗಳೆಂದು ತಲೆತಗ್ಗಿಸುತ್ತಾರೆ. ಇಲ್ಲವೇ ಪಾಠವನ್ನೇ ಸುಳ್ಳೆಂದು ತಳ್ಳಿಹಾಕುತ್ತಾರೆ. ಎರಡರಿಂದಲೂ ಮನಸ್ಸಿಗೆ ಹಾನಿ.

ಆದ್ದರಿಂದ ಅವರ ಮನೆಯ ನಷ್ಟವನ್ನೂ ತರಗತಿಯಲ್ಲಿ ಆಡಲು ಎಡೆಯಿರಲಿ. ಬೆಳೆ ಮತ್ತು ಜಾನುವಾರು ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯುವ ವ್ಯವಸ್ಥೆಯಿದೆ. ಅದಕ್ಕೆ ಅರ್ಜಿ ಬರೆಯುವುದನ್ನೇ ಕನ್ನಡದ ಪತ್ರಲೇಖನದ ಪಾಠವಾಗಿಸಬಹುದು. ಕುರಿ ಕಳೆದುಕೊಂಡರೂ ತೋಳಕ್ಕೆ ವಿಷವಿಡದೆ ನಾಯಿ ಸಾಕಿ, ಹಟ್ಟಿಗೆ ಮುಳ್ಳಿನ ಬೇಲಿ ಹಾಕಿ ಬಾಳಿದ ಕುರಿಗಾಹಿಗಳ ಜಾಣ್ಮೆ ನಮ್ಮ ನೆಲದಲ್ಲಿದೆ. ಅಂಥವರೊಬ್ಬರನ್ನು ಶಾಲೆಗೆ ಕರೆಸಿ ಮಾತನಾಡಿಸಿದರೆ ತಲೆತಗ್ಗಿಸಿದ್ದ ಮಗು ತಲೆಯೆತ್ತುತ್ತದೆ.

ಕಾಯಕವೇ ಮದ್ದು

ಮರೆವು ಭಯಗಳೆರಡಕ್ಕೂ ಮದ್ದೇನು? ಸ್ವೀಡನ್ ದೇಶದ ಮರಿಯಾ ಓಯಾಲಾ ಎಂಬ ವಿದುಷಿ ಪರಿಸರದ ಚಿಂತೆಯನ್ನು ಮಕ್ಕಳು ಹೇಗೆ ನಿಭಾಯಿಸುತ್ತಾರೆಂಬುದನ್ನು ಅಧ್ಯಯನ ಮಾಡಿದ್ದಾರೆ. ಸಮಸ್ಯೆಯನ್ನು ತಾವೇ ಬಗೆಹರಿಸಬೇಕೆಂದು ಅದರಲ್ಲೇ ಮುಳುಗಿದ ಮಕ್ಕಳಲ್ಲಿ ಬೇಗುದಿಯೂ ಹೆಚ್ಚಿತ್ತು. ಕಷ್ಟವನ್ನು ಒಪ್ಪಿಕೊಂಡೂ ಅದರಲ್ಲೊಂದು ಅರ್ಥವನ್ನು ಕಂಡ, ತಮ್ಮೊಂದಿಗೆ ಇತರರೂ ಶ್ರಮಿಸುತ್ತಿದ್ದಾರೆಂಬ ನಂಬಿಕೆಯಿದ್ದ ಮಕ್ಕಳು ನೆಮ್ಮದಿಯಿಂದಲೂ ಇದ್ದರು, ಕೆಲಸಕ್ಕೂ ಮುಂದಾದರು. "ಭೂಮಿಯನ್ನು ನೀವೇ ಉಳಿಸಬೇಕು" ಎಂದು ವೇದಿಕೆಯಿಂದ ಮಕ್ಕಳಿಗೆ ಕರೆ ಕೊಡುವವರು ಇದನ್ನು ಗಮನಿಸಬೇಕು. ಹಿರಿಯರು ಕೆಡಿಸಿದ್ದನ್ನು ಎಳೆಯ ಹೆಗಲ ಮೇಲೆ ಹೊರಿಸುವುದು ದಯೆಯಲ್ಲ.

ಶರಣರು ಕಂಡ ಕಾಯಕದ ತತ್ತ್ವವು ಇಲ್ಲಿ ನಮಗೆ ದಾರಿ ತೋರುತ್ತದೆ. ಕಾಯಕವೆಂದರೆ ನಮ್ಮ ಅಳವಿನದನ್ನು, ನಮ್ಮ ಕೈ ಮುಟ್ಟುವಷ್ಟನ್ನು, ನಿಷ್ಠೆಯಿಂದ ದಿನವೂ ಮಾಡುವುದು. ಅದು ಸಮುದಾಯದೊಡನೆ ಹಂಚಿಕೊಳ್ಳುವ ದಾಸೋಹವಾದಾಗ ಭಾರವೂ ಹಂಚಿಹೋಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ನಿದರ್ಶನಗಳಿವೆ. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತಮುತ್ತ ಕಾಡುಪಾಪಗಳಿವೆ. ದುಂಡು ಕಣ್ಣಿನ, ಇರುಳು ಸಂಚರಿಸಿ ಹುಳುಹುಪ್ಪಟೆ ತಿನ್ನುವ ಈ ಸಾಧು ಪ್ರಾಣಿಯನ್ನು ಅಪಶಕುನವೆಂದು ಹೊಡೆಯುವುದೂ ಮಾಟಮಂತ್ರಕ್ಕೆಂದು ಹಿಡಿಯುವುದೂ ಹಿಂದೆ ರೂಢಿಯಲ್ಲಿತ್ತು. ಅಲ್ಲಿನ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ಶಿಕ್ಷಕರೊಡನೆ ಕಾಡುಪಾಪಗಳ ನೆಲೆಗಳನ್ನು ಗುರುತಿಸಿದರು, ಅವುಗಳ ಜೀವನವನ್ನು ಗಮನಿಸಿದರು, ಮನೆಮನೆಯಲ್ಲಿ ತಿಳಿವಳಿಕೆ ಹೇಳಿದರು. ಹತ್ತು ಲಕ್ಷ ಜೀವಜಾತಿಗಳ ಚಿಂತೆಯನ್ನು ಅವರಾರೂ ಹೊರಲಿಲ್ಲ. ತಮ್ಮೂರ ಬೇಲಿಯಲ್ಲಿದ್ದ ಒಂದು ಜೀವಿಯ ನೆರೆಹೊರೆಯವರಾದರು, ಅಷ್ಟೇ.

ಕಗ್ಗಲಡುವಿನ ಗ್ರಾಮಸ್ಥರೂ ಹಾಗೆಯೇ. 1993ರ ಸುಮಾರಿನಿಂದ ಕೊಕ್ಕರೆಗಳು ತಮ್ಮ ಹುಣಸೆ ಮರಗಳನ್ನು ನಂಬಿ ಬಂದಾಗ ಊರವರು ಅವನ್ನು ಓಡಿಸಲಿಲ್ಲ. ಬೇಟೆಗಾರರಿಂದ ಕಾದರು. ಗಲಾಟೆಯನ್ನೂ ಹಿಕ್ಕೆಯ ವಾಸನೆಯನ್ನೂ ಸಹಿಸಿಕೊಂಡರು. ಅಲ್ಲಿ ಹುಟ್ಟಿ ಬೆಳೆದ ಮಗುವಿಗೆ ಸಂರಕ್ಷಣೆಯೆಂಬ ದೊಡ್ಡ ಪದ ಬೇಕಿಲ್ಲ, ಹಕ್ಕಿ ಬಂದರೆ ಸಂತೋಷವೆಂಬುದು ಗೊತ್ತಿದ್ದರೆ ಸಾಕು. ಆ ಸಂತೋಷವೇ ಮನಸ್ಸಿನ ಆರೋಗ್ಯ.

ಪ್ರತಿ ಶಾಲೆಗೂ, ಪ್ರತಿ ಪ್ರಸಾದ ನಿಲಯಕ್ಕೂ ಇಂಥ ಒಂದು ಕಾಯಕ ಸಾಧ್ಯ. ಊರ ಗುಂಡುತೋಪಿನ ಹಳೆಯ ಮರಗಳ ಪಟ್ಟಿ ಮಾಡಿ ಅವನ್ನು ಕಾಯುವುದು, ಬೇಸಗೆಯಲ್ಲಿ ಹಕ್ಕಿಗಳಿಗೆ ನೀರಿಡುವುದು, ಹೊಲದ ಬದುವಿನ ಹಸಿರು ಬೇಲಿಯನ್ನು ಸುಡದಂತೆ ಹಿರಿಯರನ್ನು ಒಪ್ಪಿಸುವುದು, ನಿಷೇಧಿತ ಔಷಧವನ್ನು ದನಗಳಿಗೆ ಕೊಡಿಸದಂತೆ ನೆರೆಯವರಿಗೆ ತಿಳಿಸುವುದು. ಕೆಲಸ ಚಿಕ್ಕದಿರಲಿ, ವರ್ಷವಿಡೀ ನಡೆಯಲಿ. ಒಂದು ದಿನ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಮರೆಯುವ ಕಾರ್ಯಕ್ರಮದಿಂದ ಮಗು ಕಲಿಯುವುದು ಮರೆವನ್ನೇ.

ಯಾವಾಗ ವೈದ್ಯರ ನೆರವು ಬೇಕು?

ದುಃಖ ಸಹಜವಾದರೂ ಅದು ಹದ ಮೀರುವುದುಂಟು. ಮಗು ಎರಡು ವಾರಕ್ಕೂ ಹೆಚ್ಚು ಕಾಲ ಸರಿಯಾಗಿ ನಿದ್ರಿಸದಿದ್ದರೆ, ಊಟ ಬಿಟ್ಟರೆ, ಗೆಳೆಯರಿಂದ ದೂರ ಸರಿದರೆ, ಓದು ಆಟಗಳೆರಡರಲ್ಲೂ ಆಸಕ್ತಿ ಕಳೆದುಕೊಂಡರೆ, "ಏನು ಮಾಡಿ ಏನು ಪ್ರಯೋಜನ, ನಾವೆಲ್ಲ ಸಾಯುವವರೇ" ಎಂದು ಮತ್ತೆ ಮತ್ತೆ ಹೇಳಿದರೆ ಅಲಕ್ಷ್ಯ ಸಲ್ಲದು. 'ಪ್ರಾಣಿಗಳಿಗಾಗಿ ಅಳುವುದೇನು' ಎಂದು ಗದರಬಾರದು, ನಗಬಾರದು. ಇಂಥ ಮಾತಿನ ಹಿಂದೆ ಮನೆಯ ಕಲಹ, ಪರೀಕ್ಷೆಯ ಭಯ ಮುಂತಾದ ಬೇರೆ ನೋವುಗಳೂ ಅಡಗಿರಬಹುದು. ಸಮೀಪದ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ದಿನದ ಎಲ್ಲ ಹೊತ್ತಿನಲ್ಲಿಯೂ ಲಭ್ಯವಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತು ಬಂದರೆ ಎರಡು ವಾರ ಕಾಯದೆ ಅಂದೇ ನೆರವು ಪಡೆಯಬೇಕು. ಮಲಗುವ ಹೊತ್ತಿನಲ್ಲಿ ಮೊಬೈಲನ್ನು ಮಕ್ಕಳ ಕೈಯಿಂದ ದೂರವಿಡುವುದು ಮನೆಯಲ್ಲಿ ತಕ್ಷಣ ಮಾಡಬಹುದಾದ ಉಪಚಾರ.

ಈಗ ಆ ತಾಯಿಯ ಬಳಿಗೆ ಮರಳೋಣ. "ನಾವೂ ಹೋಗುತ್ತೇವಾ?" ಎಂದ ಮಗುವಿಗೆ ಆಕೆ ಏನು ಹೇಳಬಹುದಿತ್ತು? ಸುಳ್ಳು ಭರವಸೆ ಬೇಕಿಲ್ಲ, ದೊಡ್ಡ ವಿವರಣೆಯೂ ಬೇಕಿಲ್ಲ. "ಕೆಲವು ಪ್ರಾಣಿಗಳು ಹೋಗಿವೆ ಕಣಪ್ಪಾ, ನನಗೂ ಬೇಜಾರಾಗುತ್ತದೆ. ಆದರೆ ನಮ್ಮ ಕಾಡಿನಲ್ಲಿ ಚಿಂಕಾರ ಇನ್ನೂ ಇದೆ. ಅದನ್ನು ಕಾಯುವವರೂ ಇದ್ದಾರೆ. ಬರುವ ಭಾನುವಾರ ತಾತನನ್ನು ಕೇಳೋಣ, ಅವರು ಚಿಕ್ಕವರಿದ್ದಾಗ ಅದನ್ನು ಏನೆಂದು ಕರೆಯುತ್ತಿದ್ದರೋ" ಎಂದಿದ್ದರೆ ಸಾಕಿತ್ತು. ಮಗು ಆ ಭಾನುವಾರವನ್ನು ಎದುರು ನೋಡುತ್ತ ನಿದ್ದೆಹೋಗುತ್ತಿತ್ತು.

ಬುಕ್ಕಾಪಟ್ಟಣದ ಮಗುವೊಂದು ಮುಂದಿನ ಪರೀಕ್ಷೆಯಲ್ಲಿ ಹಿಮಚಿರತೆಯ ಬದಲು ಕೊಂಡುಕುರಿಯೆಂದು ಬರೆದರೆ, ಶಿಕ್ಷಕರು ದಯವಿಟ್ಟು ಪೂರ್ಣ ಅಂಕ ಕೊಡಲಿ. ಎಲ್ಲಿ ಕಂಡೆ ಎಂದು ಒಂದು ಮಾತು ಕೇಳಲಿ. ಆ ಮಾತುಕತೆಯಿಂದ ನಿಜವಾದ ಪಾಠ ಆರಂಭವಾಗುತ್ತದೆ.